ಜೂನ್ ಮೂವತ್ತೊಂದು

ಬೆರಳಚ್ಚಿಸಿದವನು ನಾನೇ.
ಗ್ರಿಮ್ಸ್‌ಬಿ ಕೌಂಟಿ ಕೋರ್ಟು, ಎರಡನೆಯ ಮಹಡಿ,
ಕಿಟಕಿಯಾಚೆ ಬಂದರು,
ಬಂದರಿನಲ್ಲಿ ಈಗ ದೋಣಿಗಿಂತ ಕಡಲಹಕ್ಕಿಯೇ ಹೆಚ್ಚು.
ಜಡ್ಜಮ್ಮ ಥ್ಯಾಕ್ರೇ ಹೇಳಿದರು, ನಾನು ಬರೆದೆ:
‘ಲೀಸು ರದ್ದಾದುದರಿಂದ
ಬಾಡಿಗೆದಾರಳಾದ ಈನಿಡ್ ಓಸ್ಗರ್ಬಿ
ಹೊಗೆಮನೆಯನ್ನು ಖಾಲಿ ಮಾಡಿ
ಕೀಲಿಕೈ ಒಪ್ಪಿಸತಕ್ಕದ್ದು,
ಜೂನ್ ಮೂವತ್ತೊಂದರ ಸಂಜೆ ನಾಲ್ಕರೊಳಗೆ.’

ಮೊಹರು ಬಿತ್ತು. ಯಾರೂ ನೋಡಲಿಲ್ಲ.
ಮಾಲೀಕರ ವಕೀಲನೂ ನೋಡಲಿಲ್ಲ,
ಗಂಟೆಗೆ ಇನ್ನೂರು ಪೌಂಡಿನ ಕಣ್ಣು ಅವನದು.

ನೋಡಿದವಳು ಆಕೆಯೊಬ್ಬಳೇ.
ಮನೆಗೆ ಹೋಗಿ, ಮುಷ್ಟಿ ಬಿಗಿದು,
ಗೆಣ್ಣುಗಳ ಮೇಲೆ ತಿಂಗಳು ಎಣಿಸಿದಳಂತೆ:
ಜನವರಿ ದಿಬ್ಬ, ಫೆಬ್ರವರಿ ತಗ್ಗು, ಮಾರ್ಚಿ ದಿಬ್ಬ...
ಜೂನ್ ಬಿದ್ದದ್ದು ತಗ್ಗಿನಲ್ಲಿ,
ಹ್ಯಾಡಕ್ ಸೀಳುವಾಗ ಚಾಕು ಜಾರಿದ ಹಳೆಯ ಗಾಯದ ಪಕ್ಕ.
ಮೂವತ್ತೇ ದಿನ.
ಇನ್ನೊಮ್ಮೆ ಎಣಿಸಿದಳು. ಮೂವತ್ತೇ.

ಜುಲೈ ಒಂದಕ್ಕೆ ಹೊಗೆಮನೆಯ ಚಿಮಣಿ
ಎಂದಿನಂತೆ ಉಸಿರಾಡಿತು.
ಓಕ್ ಮರದ ಹೊಟ್ಟು ಒಳಗೊಳಗೇ ಕನಲುತ್ತ,
ಸಲಾಕೆಗೆ ಪೋಣಿಸಿದ ಮೀನು ಹೊನ್ನಿನ ಬಣ್ಣಕ್ಕೆ ತಿರುಗುತ್ತ,
ಮೂರು ತಲೆಮಾರಿನ ಇಲ್ಲಣ ಗೋಡೆಗೆ ಬೆರಳ ದಪ್ಪ.
ಇಲ್ಲದ ದಿನವೊಂದರ ನೆರಳಲ್ಲಿ
ಒಂಬತ್ತು ದಿನ ವ್ಯಾಪಾರ ಮಾಡಿದಳು.

ಹತ್ತರಂದು ಅರ್ಜಿ. ವಿಚಾರಣೆ ಆರು ನಿಮಿಷ.
ವಕೀಲ ಎದ್ದು ನಿಂತ: ‘ಮೇಡಂ, ಇದೊಂದು ಕೈತಪ್ಪು.’
‘ಆ ದಿನ ಇನ್ನೂ ಬಂದಿಲ್ಲವಲ್ಲ,’ ಎಂದಳು ಈನಿಡ್,
‘ಬಂದ ದಿನ ಕೀಲಿ ನಾನೇ ತರುತ್ತೇನೆ.’
ಜಡ್ಜಮ್ಮನ ತುಟಿಯಂಚು ಎಳ್ಳಷ್ಟು ಅಲುಗಿತು.
ನಾನು ಬಗ್ಗಿ, ಬೀಳದ ಪೆನ್ನನ್ನು ಹುಡುಕಿದೆ.

ನ್ಯಾಯಾಲಯಕ್ಕೆ ಒಂದು ಅಧಿಕಾರವಿದೆ:
ತನ್ನ ಕೈ ಜಾರಿದ ಕಡೆ ತಾನೇ ತಿದ್ದಿಕೊಳ್ಳಬಹುದು,
ಯಾವಾಗ ಬೇಕಾದರೂ.
ತಪ್ಪಿದ ಅಂಕಿ, ಬಿಟ್ಟುಹೋದ ಹೆಸರು, ಕೂಡುವಲ್ಲಿ ಕಳೆದದ್ದು.
ಹೇಳಬೇಕೆಂದದ್ದು ಒಂದು, ಹಾಳೆಗಿಳಿದದ್ದು ಇನ್ನೊಂದು,
ನಡುವಿನ ಆ ಸಂದಿಯಷ್ಟೇ ಅದರ ಅಗಲ.
ಹಣೆಯ ಬರಹಕ್ಕೆ ಅಷ್ಟೂ ಸವಲತ್ತಿಲ್ಲ.

‘ಹಾಗಾದರೆ ಇನ್ನೊಂದೂ ತಿದ್ದಿ.
ಮೂರನೆಯ ಸಾಲು. ಬಾಡಿಗೆ ಕೊಟ್ಟಿಲ್ಲ ಅಂತಿದೆ.
ಮುದುಕ ಬ್ಲ್ಯಾಂಚರ್ಡ್ ಸಾಯುವ ಮೊದಲು
ಅವನ ಅಂಗೈಗೇ ಇಟ್ಟೆ, ಮೂರು ತಿಂಗಳದ್ದು.
ಎಣಿಸಿದ, ನೋಟಿಗೆಲ್ಲ ಮೀನಿನ ನಾತ ಅಂತ ಬೈದ,
ಜೇಬಿಗಿಳಿಸಿದ.
ಚೀಟಿ ಕೊಡುವ ಕುಳವಲ್ಲ ಅದು.’

ಗೋಡೆ ಗಡಿಯಾರ ಒಂದಿಷ್ಟು ಹೊತ್ತು ತಿಂದಿತು.
‘ಅದು ಕೈತಪ್ಪಲ್ಲ, ಮಿಸೆಸ್ ಓಸ್ಗರ್ಬಿ,’
ಜಡ್ಜಮ್ಮನ ದನಿ ಮೆತ್ತಗಿತ್ತು, ‘ಅದು ನನ್ನ ತೀರ್ಮಾನ.
ನಾನು ಅಂದುಕೊಂಡದ್ದೇ ಅಲ್ಲಿ ಬರೆದಿದೆ.
ಅಂದುಕೊಂಡದ್ದೇ ತಪ್ಪಾಗಿದ್ದರೆ
ಅದಕ್ಕೆ ಬೇರೆ ಮೆಟ್ಟಿಲು, ಬೇರೆ ಜಡ್ಜು, ಬೇರೆ ಶುಲ್ಕ.
ಇಪ್ಪತ್ತೊಂದು ದಿನದ ಗಡುವು.
ಅದು ಮುಗಿದಿದೆ.’

ಬೆರಳು ತಪ್ಪಿದರೆ ಆರು ನಿಮಿಷ ಸಾಕು.
ಮನಸ್ಸು ತಪ್ಪಿದರೆ...
ಈ ಸಾಲನ್ನು ನಾನು ಮುಗಿಸಬಾರದು,
ಪಿಂಚಣಿಗೆ ಇನ್ನೂ ನಾಲ್ಕು ವರ್ಷವಿದೆ.

ಕೆಂಪು ಶಾಯಿಯಲ್ಲಿ ಒಂದು ಗೀಟು ಹೊಡೆದೆ,
ಪಕ್ಕದಲ್ಲಿ ಮೂವತ್ತು ಎಂದು ಬರೆದೆ.
ಆಗಲೇ ಕಳೆದುಹೋಗಿದ್ದ ದಿನ.
ಆ ಒಂದು ಗೀಟಿಗೆ
ಒಂಬತ್ತು ದಿನದ ಹೊಗೆಯೆಲ್ಲ
ಹಿಂದಿನಿಂದ ಹಿಂದಕ್ಕೇ ಅಕ್ರಮವಾಯಿತು.

ಆಮೇಲೆ ಕಿಂಡಿಯ ಹತ್ತಿರ ಬಂದಳು.
‘ಹಳೆಯ ಪ್ರತಿ ಒಂದು ಬೇಕಿತ್ತು. ತಪ್ಪಿರುವುದು.’
ತೆಗೆದುಕೊಟ್ಟೆ.
ಮೀನು ಸುತ್ತುವವರ ಕೈಚಳಕದಲ್ಲಿ
ನಾಲ್ಕು ಮಡಿಕೆ ಮಡಚಿ ಕೋಟಿನ ಒಳಜೇಬಿಗೆ ಇಟ್ಟಳು.
‘ನೀನೇನಪ್ಪ ಟೈಪು ಮಾಡಿದ್ದು?’
ಹೌದೆಂದೆ.
‘ಬೇಕಂತಲೇ?’

ಇಪ್ಪತ್ತಾರು ವರ್ಷದಲ್ಲಿ ನನಗೆ ತಾರೀಖು ತಪ್ಪಿದ್ದು ಅದೊಂದೇ ಸಲ.
ಅವಳಪ್ಪ ಹೊಗೆಗಿಟ್ಟ ಮೀನು ತಿಂದು ಬೆಳೆದ ಬೆರಳು ಇವು.
ಇದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ.

ಪ್ರತಿಯ ಶುಲ್ಕ ಹತ್ತು ಪೌಂಡು.
ಪುಸ್ತಕದಲ್ಲಿ ಬರೆದುಕೊಳ್ಳಲು ಮರೆತೆ.
ಬೇಕಾದರೆ ಅದನ್ನು
ಕೈತಪ್ಪು ಅನ್ನಿ.